ಕತ್ತಿನಲ್ಲಿ ಗಂಟೇ? ಥೈರಾಯ್ಡ್ ರಿಪೋರ್ಟ್ ಓದುವುದು ಹೀಗೆ

ಮಂಡ್ಯ, ಮದ್ದೂರು ಕಡೆ ಕತ್ತಿನ ಗಂಟನ್ನು ವರ್ಷಗಟ್ಟಲೆ ಸೆರಗಿನಡಿ ಮುಚ್ಚಿಕೊಂಡೇ ಓಡಾಡುವ ಹೆಂಗಸರಿದ್ದಾರೆ. ‘ಸೂಜಿ ಹಾಕಿಸಿದರೆ ಗಡ್ಡೆ ಕೆರಳುತ್ತೆ’ ಅನ್ನುವ ಭಯ. ಹಾಗೇನೂ ಆಗದು. ಥೈರಾಯ್ಡ್ ಗಂಟುಗಳಲ್ಲಿ ಬಹುಪಾಲು, ಸುಮಾರು ನೂರಕ್ಕೆ 90, ಕ್ಯಾನ್ಸರ್ ಅಲ್ಲವೇ ಅಲ್ಲ.

ಮೊದಲು ಕನ್ನಡಿ ಮುಂದೆ ಗದ್ದ ಮೇಲೆತ್ತಿ ಒಂದು ಗುಟುಕು ನೀರು ನುಂಗಿ. ಗಂಟು ನೀರಿನ ಜೊತೆ ಮೇಲೇರಿ ಇಳಿದರೆ ಥೈರಾಯ್ಡಿನದೇ ಇರಬೇಕು. ದನಿ ಒಡೆದಿದ್ದರೆ, ಗಂಟು ಬೇಗ ಬೆಳೆಯುತ್ತಿದ್ದರೆ, ಕತ್ತಿನ ಪಕ್ಕದಲ್ಲೂ ಗಡ್ಡೆ ಸಿಕ್ಕರೆ ತಡ ಮಾಡಬೇಡಿ. ಮಂಡ್ಯದ ಮಿಮ್ಸ್, ಮೈಸೂರಿನ ಕೆ.ಆರ್. ಆಸ್ಪತ್ರೆ, ಹತ್ತಿರವಿದ್ದಲ್ಲಿಗೆ ಹೋಗಿ.

ಅಲ್ಲಿ ಟಿಎಸ್‌ಎಚ್ ರಕ್ತಪರೀಕ್ಷೆ (ಥೈರಾಯ್ಡ್ ಹೇಗೆ ಕೆಲಸ ಮಾಡುತ್ತಿದೆ ಎಂದು ತೋರಿಸುವುದು), ಕತ್ತಿನ ಸ್ಕ್ಯಾನ್ ಆಗುತ್ತದೆ. ಟಿಎಸ್‌ಎಚ್ ನಾರ್ಮಲ್ ಬಂತೆಂದು ನಿರಾಳರಾಗಬೇಡಿ. ಕ್ಯಾನ್ಸರ್ ಇದ್ದವರಲ್ಲೂ ಅದು ಸಾಮಾನ್ಯವಾಗಿ ನಾರ್ಮಲ್ಲೇ ಇರುತ್ತದೆ.

ಸಂಶಯವಿದ್ದರೆ ಎಫ್‌ಎನ್‌ಎಸಿ, ಅಂದರೆ ಸಣ್ಣ ಸೂಜಿಯ ಪರೀಕ್ಷೆ. ರಿಪೋರ್ಟಿನಲ್ಲಿ ‘ಬೆಥೆಸ್ಡಾ’ ಪಕ್ಕದ ಅಂಕಿ ನೋಡಿ; ಸೂಜಿಯಲ್ಲಿ ಬಂದ ಕೋಶಗಳನ್ನು 1ರಿಂದ 6ರವರೆಗೆ ವಿಂಗಡಿಸುವ ಪದ್ಧತಿಯಿದು. 1 ಅಂದರೆ ಜೀವಕೋಶ ಸಾಲದು, ಸಾಮಾನ್ಯವಾಗಿ ಮತ್ತೊಮ್ಮೆ ಸೂಜಿ. 2 ನಿರಪಾಯ. 6 ಕ್ಯಾನ್ಸರ್. ಜನ ಕಂಗಾಲಾಗುವುದು 4ಕ್ಕೆ: ಫಾಲಿಕ್ಯುಲರ್ ಎಂಬ ಬಗೆಯ ಗಂಟು, ಕ್ಯಾನ್ಸರ್ ಹೌದೋ ಅಲ್ಲವೋ ಸೂಜಿಯಿಂದ ಹೇಳಲಾಗದ್ದು. ಗಂಟು ತನ್ನ ಪೊರೆಯನ್ನೋ ರಕ್ತನಾಳವನ್ನೋ ಭೇದಿಸಿದರೆ ಮಾತ್ರ ಅದು ಕ್ಯಾನ್ಸರ್; ಸೂಜಿಯಲ್ಲಿ ಬಂದ ಬಿಡಿ ಕೋಶಗಳಲ್ಲಿ ಅದು ಕಾಣದು. ಹಾಗಾಗಿ ಅರ್ಧ ಗ್ರಂಥಿ ತೆಗೆದು ಪರೀಕ್ಷಿಸೋಣ ಎಂದು ಡಾಕ್ಟರು ಹೇಳಿದರೆ, ಸುಮ್ಮನೆ ಆಪರೇಷನ್‌ಗೆ ಎಳೆಯುತ್ತಿದ್ದಾರೆಂದು ತಿಳಿಯಬೇಡಿ.

ಕ್ಯಾನ್ಸರ್ ಎಂದಾದರೆ ಯಾವ ಬಗೆ ಎಂದು ಕೇಳಲೇಬೇಕು. ನೂರಕ್ಕೆ 80ರಷ್ಟು ಪ್ಯಾಪಿಲ್ಲರಿ. ಕತ್ತಿನ ದುಗ್ಧಗ್ರಂಥಿಗಳಿಗೆ ಹರಡಿದರೂ ಬಹುತೇಕರು ಗುಣವಾಗುತ್ತಾರೆ. ಫಾಲಿಕ್ಯುಲರ್ ರಕ್ತದ ದಾರಿಯಲ್ಲಿ ಮೂಳೆ, ಶ್ವಾಸಕೋಶಕ್ಕೆ ಹೋಗಬಲ್ಲದು. ಅಯೋಡಿನ್ ಕೊರತೆಯ ಸೀಮೆಗಳಲ್ಲಿ ಹೆಚ್ಚು. ಮೆಡುಲ್ಲರಿಯಲ್ಲಿ ನಾಲ್ಕರಲ್ಲೊಂದು ಪಾಲು ವಂಶದಿಂದ ಬರುವಂಥದು, ರೋಗಿಯಲ್ಲಿ ರೆಟ್ ಜೀನಿನ ದೋಷ ಸಿಕ್ಕರೆ ಒಡಹುಟ್ಟಿದವರಿಗೂ ಮಕ್ಕಳಿಗೂ ಪರೀಕ್ಷೆ ಬೇಕು. ಅನಾಪ್ಲಾಸ್ಟಿಕ್ ಅಪರೂಪ, ವಯಸ್ಸಾದವರಲ್ಲಿ ಬರುವುದು, ವಾರಗಳಲ್ಲೇ ಉಲ್ಬಣಿಸುವಂಥದು.

ಗಂಡಸರಿಗಿಂತ ಹೆಂಗಸರಲ್ಲಿ ಈ ಕ್ಯಾನ್ಸರ್ ಸುಮಾರು ಮೂರು ಪಟ್ಟು. ಎಳವೆಯಲ್ಲಿ ಕತ್ತಿಗೆ ವಿಕಿರಣ ತಗುಲಿದ್ದರೆ ಅಪಾಯ ಹೆಚ್ಚು. 1986ರ ಚೆರ್ನೋಬಿಲ್ ಅಣುಸ್ಥಾವರ ಅವಘಡದ ನಂತರ ಮಕ್ಕಳಲ್ಲಿ ಕಂಡದ್ದು ಅದೇ. ಹಾಗೆಂದು ಲಕ್ಷಣವೇ ಇಲ್ಲದವರು ಹೆಲ್ತ್ ಪ್ಯಾಕೇಜಿನಲ್ಲಿ ಕತ್ತಿನ ಸ್ಕ್ಯಾನ್ ಮಾಡಿಸುವುದು ನನಗೆ ಸರಿ ಕಾಣದು. ದಕ್ಷಿಣ ಕೊರಿಯಾದಲ್ಲಿ ಹಾಗೆ ಮಾಡಿ, 1993ರಿಂದ 2011ರ ಹೊತ್ತಿಗೆ ಪತ್ತೆಯಾದ ಪ್ರಮಾಣ 15 ಪಟ್ಟಾಯಿತು. ಸಾವಿನ ಪ್ರಮಾಣ ಇದ್ದಷ್ಟೇ ಇತ್ತು.

ಮಂಡ್ಯದಿಂದ ಮೈಸೂರಿಗೋ ಬೆಂಗಳೂರಿಗೋ ಕಳಿಸಿದರೆ ಹಾಳೆ ಮಾತ್ರ ಹಿಡಿದು ಹೋಗಬೇಡಿ. ಸೂಜಿಯಲ್ಲಿ ಬಂದ ಕೋಶ ಹಚ್ಚಿದ ಗಾಜಿನ ಸ್ಲೈಡುಗಳನ್ನು ಲ್ಯಾಬಿನಿಂದ ಕೇಳಿ ಪಡೆಯಿರಿ. ಅಲ್ಲಿನ ವೈದ್ಯರು ಅವನ್ನೇ ನೋಡಿ ಹೇಳಿಯಾರು, ಮತ್ತೆ ಸೂಜಿ ಹಾಕುವುದು ತಪ್ಪೀತು.