ಕಾಲೇಜಿನ ಕಂಪ್ಯೂಟರ್ ಸಂಘದಲ್ಲಿ ಹೊಸಬರಿಗೆ ಕೋಡಿಂಗ್ ತರಗತಿ ನಡೆಸುವ ಬಗೆ

ವರ್ಷದ ಆರಂಭದಲ್ಲಿ ವಿದ್ಯಾರ್ಥಿಗಳ ಕಂಪ್ಯೂಟರ್ ಸಂಘವು ಕೋಡಿಂಗ್ ತರಗತಿಯ ಪ್ರಕಟಣೆ ಹಾಕಿದರೆ ಮೊದಲ ದಿನ ಲ್ಯಾಬ್ ತುಂಬುತ್ತದೆ, ಮೂರನೆಯ ವಾರಕ್ಕೆ ಹಿಂದಿನ ಬೆಂಚುಗಳು ಖಾಲಿಯಾಗಿರುತ್ತವೆ. ಬಿಟ್ಟುಹೋದವರನ್ನು ಕೇಳಿದರೆ ಇಂಟರ್ನಲ್ಸ್ ಇತ್ತು, ಬಸ್ಸಿಗೆ ಹೊತ್ತಾಗುತ್ತಿತ್ತು ಎಂಬ ಉತ್ತರ ಬರುತ್ತದೆ. ಇನ್ನೂ ಸ್ವಲ್ಪ ವಿಚಾರಿಸಿದಾಗ ನನಗೆ ಹೆಚ್ಚಾಗಿ ಸಿಕ್ಕ ಕಾರಣ ಬೇರೆ: ಪರದೆಯ ಮೇಲೆ ಒಂದು ದೋಷಸಂದೇಶ ಬಂದಿತ್ತು, ಎಲ್ಲರೆದುರು ಕೈಯೆತ್ತಿ ಕೇಳಲು ಸಂಕೋಚವಾಗಿತ್ತು, ಪಕ್ಕದಲ್ಲಿ ಕುಳಿತವರ ಹೆಸರೂ ಗೊತ್ತಿರಲಿಲ್ಲ. ಆದ್ದರಿಂದ ತರಗತಿಯನ್ನೂ ಪರಿಚಯದ ಕೂಟವನ್ನೂ ಒಂದೇ ಕೆಲಸದ ಎರಡು ಭಾಗಗಳೆಂದು ತಿಳಿದು ಯೋಜಿಸಬೇಕು. ಮಾತಾಡದೆ ಕುಳಿತ ವಿದ್ಯಾರ್ಥಿಯೊಬ್ಬ ಸಿಕ್ಕಿಹಾಕಿಕೊಂಡದ್ದನ್ನು ಇನ್ನೊಬ್ಬರು ಗಮನಿಸುವಂತೆ ಮಾಡುವುದೇ ಈ ಯೋಜನೆಯ ಮುಖ್ಯ ಉದ್ದೇಶವಾಗಿರಬೇಕು.

ವಾರಕ್ಕೆ ಒಂದು ದಿನ, ಒಂದೂವರೆ ಗಂಟೆ, ಒಟ್ಟು ಆರು ವಾರ ಎಂದು ನಿಗದಿಪಡಿಸಿಕೊಂಡರೆ ಸಾಕು. ದಿನಾಂಕ ಗೊತ್ತುಮಾಡುವ ಮೊದಲು ಇಂಟರ್ನಲ್ಸ್ ವೇಳಾಪಟ್ಟಿ, ದೂರದ ಊರುಗಳಿಂದ ಬಸ್ ಪಾಸಿನಲ್ಲಿ ಓಡಾಡುವವರ ಕೊನೆಯ ಬಸ್ಸು, ಹುಡುಗಿಯರ ಹಾಸ್ಟೆಲಿನ ಬಾಗಿಲು ಮುಚ್ಚುವ ಸಮಯ, ಈ ಮೂರನ್ನೂ ವಿಚಾರಿಸಿಕೊಳ್ಳಿ. ಸಂಜೆ 6ರ ನಂತರ ಇಟ್ಟ ತರಗತಿಯು ಯಾರನ್ನೂ ಬರಬೇಡಿ ಎನ್ನದೆಯೇ ಕಾಲೇಜಿನ ಒಂದು ದೊಡ್ಡ ಭಾಗವನ್ನು ಹೊರಗಿಟ್ಟಂತಾಗುತ್ತದೆ. ಲ್ಯಾಬ್ ಬೇಕೆಂದು ವಿಭಾಗದ ಮುಖ್ಯಸ್ಥರಿಗೆ ಬರೆಯುವ ಮನವಿ ಪತ್ರದಲ್ಲಿ ಆರೂ ದಿನಾಂಕಗಳನ್ನು ಒಟ್ಟಿಗೆ ನಮೂದಿಸಿರಿ. ಬೀಗದ ಕೈ ಇರುವ ಲ್ಯಾಬ್ ಸಹಾಯಕರನ್ನು ಹಿಂದಿನ ದಿನವೇ ಕಂಡು ಮಾತಾಡಿರಿ.

ಕಲಿಯಲು ಬರುವ ಪ್ರತಿ ಮೂವರಿಗೆ ಒಬ್ಬ ಸಹಾಯಕ ಇರಬೇಕು. 2014ರಲ್ಲಿ ಬರ್ಲಿನ್‌ನಲ್ಲಿ ಆರಂಭವಾಗಿ ಅನೇಕ ದೇಶಗಳಿಗೆ ಹರಡಿದ, ಮಹಿಳೆಯರಿಗೆ ಪ್ರೋಗ್ರಾಮಿಂಗ್ ಕಲಿಸುವ ಜಾಂಗೋ ಗರ್ಲ್ಸ್ ಕಾರ್ಯಾಗಾರಗಳು ಇದೇ ಪ್ರಮಾಣವನ್ನು ಪಾಲಿಸುತ್ತ ಬಂದಿವೆ. ಎಂಟು ಜನ ಸಹಾಯಕರು ಸಿಕ್ಕರೆ ಇಪ್ಪತ್ತನಾಲ್ಕು ಜನರನ್ನು ಸೇರಿಸಿಕೊಳ್ಳಿ, ಉಳಿದವರಿಗೆ ಎರಡನೆಯ ತಂಡ ಮಾಡಿರಿ. ನೂರು ಜನರಿಗೆ ಪ್ರೊಜೆಕ್ಟರ್ ಹಾಕಿ ಪಾಠ ಹೇಳಿದರೆ ಛಾಯಾಚಿತ್ರ ಚೆನ್ನಾಗಿ ಬರುತ್ತದೆಯೇ ಹೊರತು ಯಾರಿಗೂ ಪ್ರೋಗ್ರಾಂ ಬರೆಯಲು ಬರುವುದಿಲ್ಲ. ಸಹಾಯಕರಿಗೆ ಒಂದೇ ಒಂದು ಕಟ್ಟುನಿಟ್ಟಿನ ನಿಯಮ ಹಾಕಿರಿ: ಕಲಿಯುವವರ ಕೀಬೋರ್ಡನ್ನು ಮುಟ್ಟಬಾರದು. ಸೀನಿಯರ್ ಅಣ್ಣನೋ ಅಕ್ಕನೋ ಬಂದು ನಾಲ್ಕು ಕೀಲಿ ಒತ್ತಿ ಸರಿಮಾಡಿ ಹೋದರೆ ಕೆಲಸ ಬೇಗ ಮುಗಿಯುತ್ತದೆ, ಆದರೆ ಇದು ತನ್ನಿಂದಾಗದ ಕೆಲಸ ಎಂಬ ಭಾವನೆ ಆ ವಿದ್ಯಾರ್ಥಿಯಲ್ಲಿ ಉಳಿದುಬಿಡುತ್ತದೆ.

ಪ್ರೋಗ್ರಾಮಿಂಗ್ ಭಾಷೆಯ ಆಯ್ಕೆಯ ಚರ್ಚೆಯಲ್ಲಿ ಸಮಯ ಕಳೆಯಬೇಡಿ, ಪೈಥಾನ್ ಸಾಕು. ವಿಂಡೋಸ್ ಗಣಕದಲ್ಲಿ ಪೈಥಾನ್ ಅಳವಡಿಸುವಾಗ ಪಾತ್ (ಪೈಥಾನ್ ಎಲ್ಲಿದೆ ಎಂದು ಗಣಕಕ್ಕೆ ತಿಳಿಸುವ ವಿಳಾಸ) ಸೇರಿಸುವ ಚೌಕಕ್ಕೆ ಗುರುತು ಹಾಕಲು ಮರೆತರೆ ಮೊದಲ ತರಗತಿಯ ಅರ್ಧ ಸಮಯ ಅದರಲ್ಲೇ ಹೋಗುತ್ತದೆ. ಎಸ್ಟೋನಿಯಾದ ತಾರ್ತು ವಿಶ್ವವಿದ್ಯಾಲಯದಲ್ಲಿ ಹೊಸಬರಿಗಾಗಿಯೇ ರೂಪುಗೊಂಡ ಥಾನಿ ಎಂಬ, ಪ್ರೋಗ್ರಾಂ ಬರೆದು ಓಡಿಸುವ ಉಚಿತ ತಂತ್ರಾಂಶದ ಜೊತೆಯಲ್ಲಿ ಪೈಥಾನ್ ಕೂಡ ಬರುವುದರಿಂದ, ಅದನ್ನು ಪೆನ್‌ಡ್ರೈವ್‌ನಲ್ಲಿ ತಂದು ಹಿಂದಿನ ದಿನವೇ ಎಲ್ಲ ಗಣಕಗಳಿಗೂ ಹಾಕಿಡಿ. ಲ್ಯಾಬಿನ ಇಂಟರ್ನೆಟ್ ಇರಲಿ ಇಲ್ಲದಿರಲಿ, ತರಗತಿ ನಿಲ್ಲಬಾರದು.

ಮೊದಲ ದಿನ ಪ್ರತಿಯೊಬ್ಬರಿಗೂ ಒಂದು ಹಸಿರು, ಒಂದು ಕೆಂಪು ಕಾಗದದ ಚೀಟಿ ಕೊಡಿ. ಕೆಲಸ ಆಯಿತೆಂದರೆ ಮಾನಿಟರ್ ಮೇಲೆ ಹಸಿರು ಚೀಟಿ, ಸಿಕ್ಕಿಹಾಕಿಕೊಂಡರೆ ಕೆಂಪು. ಸಂಶೋಧಕರಿಗೆ ಪ್ರೋಗ್ರಾಮಿಂಗ್ ಕಲಿಸಲೆಂದು 1998ರಲ್ಲಿ ಆರಂಭವಾದ ಸಾಫ್ಟ್‌ವೇರ್ ಕಾರ್ಪೆಂಟ್ರಿಯ ಕಾರ್ಯಾಗಾರಗಳಲ್ಲಿ ಬಳಕೆಗೆ ಬಂದ ಈ ಉಪಾಯಕ್ಕೆ ಖರ್ಚೇ ಇಲ್ಲ. ಕೈಯೆತ್ತುವಾಗ ಎಲ್ಲರ ಕಣ್ಣೂ ತನ್ನ ಮೇಲೆ ಬೀಳುತ್ತದೆ ಎಂದು ಹಿಂಜರಿಯುವವರು ಚೀಟಿ ಅಂಟಿಸಲು ಹಿಂಜರಿಯುವುದಿಲ್ಲ. ಚೀಟಿ ಅಂಟಿಸಿ ಕೆಲಸ ಮುಂದುವರಿಸಬಹುದು, ಸಹಾಯಕರು ತಾವಾಗಿಯೇ ಬರುತ್ತಾರೆ. ಪಾಠ ಹೇಳುವವರಿಗೂ ಕೋಣೆಯ ಸ್ಥಿತಿ ಒಂದೇ ನೋಟಕ್ಕೆ ತಿಳಿಯುತ್ತದೆ. ಕೆಂಪು ಹೆಚ್ಚಾದರೆ ಮುಂದಕ್ಕೆ ಹೋಗಬಾರದು.

ಸಿದ್ಧಪಡಿಸಿದ ಸ್ಲೈಡ್ ತೋರಿಸುವ ಬದಲು ಎಲ್ಲರೆದುರು ನಿಧಾನವಾಗಿ ಟೈಪ್ ಮಾಡುತ್ತ ಪಾಠ ಹೇಳಿರಿ. ಪ್ರತಿ ಪ್ರೋಗ್ರಾಮನ್ನು ಓಡಿಸುವ ಮೊದಲು ಫಲಿತಾಂಶ ಏನು ಬರಬಹುದೆಂದು ಎಲ್ಲರೂ ನೋಟ್‌ಬುಕ್ಕಿನಲ್ಲಿ ಬರೆಯಲಿ. ಉದಾಹರಣೆಗೆ, ಹೋಗುವಾಗಿನ ಮತ್ತು ಬರುವಾಗಿನ ಬಸ್ ದರವನ್ನು ಕೇಳಿ ಕೂಡಿಸುವ ಪ್ರೋಗ್ರಾಂ ತೆಗೆದುಕೊಳ್ಳಿ. 20 ಮತ್ತು 30 ಕೊಟ್ಟರೆ 50 ಬರುತ್ತದೆಂದು ಎಲ್ಲರೂ ಬರೆದಿರುತ್ತಾರೆ, ಪರದೆಯ ಮೇಲೆ ಬರುವುದು 2030. ಇನ್‌ಪುಟ್ ಎಂಬ ಆದೇಶವು ತಂದುಕೊಡುವುದು ಅಕ್ಷರಗಳ ಸರಣಿಯನ್ನು, ಸಂಖ್ಯೆಯನ್ನಲ್ಲ ಎಂಬ ವಿಷಯವನ್ನು ಮೊದಲೇ ಹೇಳಿಬಿಟ್ಟರೆ ಅದು ಮರೆತುಹೋಗುತ್ತದೆ. ತಮ್ಮ ಊಹೆ ತಪ್ಪಾದುದನ್ನು ಕಂಡವರಿಗೆ ಅದು ನೆನಪಿರುತ್ತದೆ. ದೋಷಸಂದೇಶವನ್ನು ಕೆಳಗಿನ ಸಾಲಿನಿಂದ ಓದಲು ಕಲಿಸಿರಿ. ಏನು ತಪ್ಪಾಗಿದೆ ಎಂಬುದು ಕೊನೆಯ ಸಾಲಿನಲ್ಲಿಯೂ ಎಲ್ಲಿ ಎಂಬುದು ಅದರ ಮೇಲಿನ ಸಾಲುಗಳಲ್ಲಿಯೂ ಇರುತ್ತದೆ. ಮೊದಲೆರಡು ವಾರ ಇಷ್ಟಕ್ಕೇ ಮೀಸಲಾಗಲಿ. ಷರತ್ತು, ಲೂಪ್ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವುದು), ಲಿಸ್ಟ್, ಫಂಕ್ಷನ್‌ಗಳು ಉಳಿದ ನಾಲ್ಕು ವಾರಗಳಲ್ಲಿ ಕೂರುತ್ತವೆ.

ಪಾಠವನ್ನು ಕನ್ನಡದಲ್ಲಿಯೇ ಹೇಳಿರಿ. ಹಳ್ಳಿಯ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ವಿದ್ಯಾರ್ಥಿಗೆ ಇಂಗ್ಲಿಷನ್ನೂ ಪ್ರೋಗ್ರಾಮಿಂಗನ್ನೂ ಒಟ್ಟಿಗೆ ಕಲಿಯಬೇಕಾದ ಹೊರೆ ಹೊರಿಸುವುದು ಅನ್ಯಾಯ ಎಂದು ನಾನು ದೃಢವಾಗಿ ನಂಬಿದ್ದೇನೆ. ಲೂಪ್, ವೇರಿಯಬಲ್ (ಮೌಲ್ಯವೊಂದಕ್ಕೆ ಇಟ್ಟ ಹೆಸರು) ಮುಂತಾದ ಪದಗಳು ಹಾಗೆಯೇ ಇರಲಿ, ವಿವರಣೆ ಮನೆಮಾತಿನಲ್ಲಿರಲಿ. ಕನ್ನಡ ಗೊತ್ತಿಲ್ಲದವರು ತಂಡದಲ್ಲಿದ್ದರೆ ಅವರ ಪಕ್ಕದಲ್ಲಿ ಅವರ ಭಾಷೆ ಬಲ್ಲ ಸಹಾಯಕರನ್ನು ಕೂರಿಸಿರಿ. ಪೈಥಾನ್ 3ರಲ್ಲಿ ವೇರಿಯಬಲ್‌ಗಳಿಗೆ ಕನ್ನಡದಲ್ಲಿ ಹೆಸರಿಡಬಹುದು. ೨೦ ಎಂದು ಕನ್ನಡ ಅಂಕಿಯಲ್ಲಿ ಬರೆದುದನ್ನೂ ಅದು ಸಂಖ್ಯೆಯಾಗಿ ಪರಿವರ್ತಿಸುತ್ತದೆ. ನಾಲ್ಕನೆಯ ವಾರದಲ್ಲಿ ‘ಮೈಸೂರು’ ಎಂಬ ಪದದ ಉದ್ದವನ್ನು ಕೇಳಿ ನೋಡಿರಿ: ಕಣ್ಣಿಗೆ ಮೂರು ಅಕ್ಷರ, ಪೈಥಾನ್ ಲೆಕ್ಕದಲ್ಲಿ ಆರು. ಮ, ಐತ್ವ, ಸ, ದೀರ್ಘ ಉಕಾರದ ಚಿಹ್ನೆ, ರ, ಉಕಾರದ ಚಿಹ್ನೆ, ಹೀಗೆ ಎಲ್ಲ ಭಾಷೆಗಳ ಲಿಪಿಗಳನ್ನು ಗಣಕದಲ್ಲಿ ಗುರುತಿಸುವ ಯೂನಿಕೋಡ್ ಎಂಬ ಮಾನದಂಡ ಪ್ರತಿಯೊಂದಕ್ಕೂ ಪ್ರತ್ಯೇಕ ಸಂಖ್ಯೆ ಕೊಟ್ಟಿದೆ. ಆ ಪದವನ್ನು ಹಿಂದುಮುಂದಾಗಿಸಿದರೆ ಸ್ವರಚಿಹ್ನೆಗಳು ತಮ್ಮ ವ್ಯಂಜನವನ್ನು ಬಿಟ್ಟು ಬೇರೊಂದಕ್ಕೆ ಅಂಟಿಕೊಳ್ಳುತ್ತವೆ. ಆದರೆ ‘ಕನ್ನಡ’ ಎಂಬ ಪದವು ಐದು ಸಂಕೇತಗಳಾಗಿದ್ದೂ ಹಿಂದುಮುಂದಾದಾಗ ‘ಡನ್ನಕ’ ಎಂದು ಅಚ್ಚುಕಟ್ಟಾಗಿಯೇ ಬರುತ್ತದೆ. ಏಕೆ ಎಂಬ ಪ್ರಶ್ನೆಯನ್ನು ತರಗತಿಗೇ ಬಿಟ್ಟುಬಿಡಿ. ಈ ಪಾಠದಲ್ಲಿ ಕಾಗುಣಿತ ಚೆನ್ನಾಗಿ ಬಲ್ಲವರು ಮುಂದಾಗುತ್ತಾರೆ, ಮತ್ತು ಅವರು ಹೆಚ್ಚಾಗಿ ಅಲ್ಲಿಯವರೆಗೆ ಮಾತಾಡದಿದ್ದವರೇ ಆಗಿರುತ್ತಾರೆ.

ಕೂಟಗಳ ವಿಚಾರಕ್ಕೆ ಬಂದರೆ, ಮೊದಲ ಕೂಟವನ್ನು ಎರಡನೆಯ ತರಗತಿ ಮುಗಿದ ಕೂಡಲೇ ಇಡಿ. ಜನ ಬಿಟ್ಟುಹೋಗುವುದು ಆಗಲೇ. ಸಭಾಂಗಣ, ಮುಖ್ಯ ಅತಿಥಿ, ಹಾರ ಯಾವುದೂ ಬೇಡ. ಮಂಡಕ್ಕಿ, ಚಹಾ, ನೆಲದ ಮೇಲೆ ಹಾಸಲು ನಾಲ್ಕು ಜಮಖಾನೆ, ಅಷ್ಟು ಸಾಕು. ಸುಮ್ಮನೆ ಪರಿಚಯ ಮಾಡಿಕೊಳ್ಳಿ ಎಂದರೆ ಒಂದೇ ಊರಿನವರು, ಒಂದೇ ಸೆಕ್ಷನ್ನಿನವರು ಗುಂಪಾಗಿ ನಿಲ್ಲುತ್ತಾರೆ, ಆದ್ದರಿಂದ ಕೈಗೆ ಒಂದು ಕೆಲಸ ಕೊಡಬೇಕು. ಚೌಕಾಬಾರ ಇದಕ್ಕೆ ಹೇಳಿ ಮಾಡಿಸಿದ ಆಟ: ಒಂದು ಮಣೆಗೆ ನಾಲ್ವರು ಕೂರುತ್ತಾರೆ, ಸೀಮೆಸುಣ್ಣದಲ್ಲಿ ನೆಲದ ಮೇಲೇ ಮನೆಗಳನ್ನು ಬರೆಯಬಹುದು, ಮನೆಯಲ್ಲಿ ಅಜ್ಜಿಯಿಂದ ಆಟ ಕಲಿತವರು ಇತರರಿಗೆ ಹೇಳಿಕೊಡಬೇಕಾಗುತ್ತದೆ. ನಾಲ್ಕು ಕವಡೆ ಎಸೆದಾಗ ಬಾಯಿ ಮೇಲಾಗಿ ಬಿದ್ದ ಕವಡೆಗಳ ಎಣಿಕೆಯೇ ಗರ, ನಾಲ್ಕೂ ಮಗುಚಿ ಬಿದ್ದರೆ ಎಂಟು.

ಆಟ ಮುಗಿದ ಮೇಲೆ, ಸಹಾಯಕರೂ ಸೇರಿ ನಾಲ್ವರಂತೆ ಕುಳಿತ ಎಂಟು ಗುಂಪುಗಳೂ ತಲಾ ಇಪ್ಪತ್ತು ಬಾರಿ ಕವಡೆ ಎಸೆದು ಫಲಿತಾಂಶವನ್ನು ಬರೆದಿಡಲಿ. ಲೂಪ್ ಕಲಿಸುವ ವಾರದಲ್ಲಿ ಇದೇ 160 ಎಸೆತಗಳನ್ನು, ಗೊತ್ತುಗುರಿಯಿಲ್ಲದೆ ಸಂಖ್ಯೆ ಆರಿಸಿಕೊಡುವ ಪೈಥಾನ್‌ನ ರ್‍ಯಾಂಡಮ್ ಮಾಡ್ಯೂಲ್‌ನಿಂದ ಮಾಡಿಸಿರಿ. ಕವಡೆಯ ಎರಡು ಮಗ್ಗುಲುಗಳೂ ಸಮಾನವಾಗಿ ಬೀಳುತ್ತವೆಂದು ಭಾವಿಸಿದರೆ ಎಂಟು ಸುಮಾರು 10 ಬಾರಿಯೂ ಎರಡು ಸುಮಾರು 60 ಬಾರಿಯೂ ಬೀಳಬೇಕು. ನಿಜವಾದ ಕವಡೆಯ ಎರಡು ಮಗ್ಗುಲುಗಳ ಆಕಾರ ಒಂದೇ ಅಲ್ಲವಾದ್ದರಿಂದ ಜಮಖಾನೆಯ ಮೇಲಿನ ಲೆಕ್ಕವು ಗಣಕದ ಲೆಕ್ಕಕ್ಕೆ ಹೊಂದದಿರಬಹುದು. ಹಾಗಾದಾಗ ಪ್ರೋಗ್ರಾಮಿನಲ್ಲಿ ಯಾವ ಸಂಖ್ಯೆಯನ್ನು ಬದಲಿಸಬೇಕೆಂದು ಹುಡುಕುವುದೇ ಆ ವಾರದ ಮನೆಗೆಲಸ.

ವಾಟ್ಸ್ಯಾಪ್ ಗುಂಪು ಮಾಡುವುದಾದರೆ ಸಂಘದ ಪದಾಧಿಕಾರಿಗಳು ಮಾತ್ರ ಬರೆಯುವಂತೆ ಹೊಂದಿಸಿರಿ. ಗುಂಪಿನಿಂದ ಹುಡುಗಿಯರ ಸಂಖ್ಯೆ ತೆಗೆದುಕೊಂಡು ಬೇರೆಯಾಗಿ ಸಂದೇಶ ಕಳಿಸುವವರನ್ನು ಮೊದಲ ದೂರಿಗೇ ಸಂಘದಿಂದ ಹೊರಗಿಡುವುದಾಗಿ ಆರಂಭದಲ್ಲಿಯೇ ಎಲ್ಲರೆದುರು ಹೇಳಿರಿ, ಹಾಗೆಯೇ ಮಾಡಿರಿ. ಚಹಾ ಮಂಡಕ್ಕಿಯ ಲೆಕ್ಕವನ್ನು ಪ್ರತಿ ಕೂಟದ ಮರುದಿನ ನೋಟಿಸ್ ಬೋರ್ಡಿಗೆ ಹಚ್ಚಿರಿ.

ಒಂದು ತರಗತಿಗೆ ಬಾರದವರಿಗೆ ಅವರ ಗುಂಪಿನ ಸಹಾಯಕರು ಅದೇ ವಾರ ಕರೆಮಾಡಿ, ತಪ್ಪಿದ ಪಾಠವನ್ನು ಕ್ಯಾಂಟೀನಿನಲ್ಲಿ ಅರ್ಧ ಗಂಟೆ ಕುಳಿತು ಹೇಳಿಕೊಡಲಿ. ಆರನೆಯ ವಾರ ಪ್ರತಿಯೊಬ್ಬರೂ ತಮಗೆ ಬೇಕಾದ ಒಂದು ಸಣ್ಣ ಪ್ರೋಗ್ರಾಮನ್ನು ಬರೆದು ತೋರಿಸಬೇಕು. ಹಾಸ್ಟೆಲ್ ಮೆಸ್ಸಿನ ಬಿಲ್ ಹಂಚುವುದಾಗಲಿ, ಅಪ್ಪನ ಹಾಲಿನ ಡೈರಿ ಲೆಕ್ಕವಾಗಲಿ ನಡೆಯುತ್ತದೆ. ಬಹುಮಾನ, ಸ್ಥಾನ ಬೇಡ. ಅಂದು ಸಂಜೆಯೇ ಮುಂದಿನ ವರ್ಷದ ಸಹಾಯಕರ ಹೆಸರುಗಳನ್ನು ಬರೆದುಕೊಳ್ಳಿ, ಮತ್ತು ಆರು ವಾರಗಳಲ್ಲಿ ಯಾರ ಮಾನಿಟರ್ ಮೇಲೆ ಕೆಂಪು ಚೀಟಿ ಹೆಚ್ಚು ಬಾರಿ ಕಂಡಿತ್ತೋ ಅವರನ್ನು ಮೊದಲು ಕೇಳಿರಿ.