ಗೋಡೆ ಮೇಲಿನ ತುಪಾಕಿ ಎಲ್ಲಿಯದು? ಮುದ್ರೆ ಓದುವುದು ಹೀಗೆ

ನಮ್ಮ ಮನೆಯ ಹಿತ್ತಾಳೆ ಕೊಡದ ಮೇಲೆ ಸೋದರತ್ತೆಯ ಹೆಸರಿದೆ. ಹಾಗಂತ ಕೊಡ ಮಾಡಿದ್ದು ಸೋದರತ್ತೆ ಅಲ್ಲ, ಅಲ್ವಾ? ಹಳೆ ಮಿಲಿಟರಿ ಬಂದೂಕಿನ ಮುದ್ರೆಗಳೂ ಹೀಗೇ. ಮಾಡಿದವರ ಗುರುತು ಬೇರೆ, ಒಡೆಯರ ಗುರುತು ಬೇರೆ, ಬಳಸಿದ ಪಲ್ಟನ್ನಿನ ನಂಬರ್ ಬೇರೆ.

ಇದು ಗೊತ್ತಿಲ್ಲದೆ ನಾನೂ ಒಮ್ಮೆ ಎಡವಿದ್ದೇನೆ. ಸಿರುಗುಪ್ಪ ಕಡೆಯ ಗೆಳೆಯರ ಮನೆಯಲ್ಲಿ ಗೋಡೆಗೆ ಒಂದು ತುಪಾಕಿ ತೂಗುಹಾಕಿದ್ದರು. ತುಪಾಕಿಯ ಮಗ್ಗುಲಿಗೆ ಜೋಡಿಸಿದ ಉಕ್ಕಿನ ತಗಡಿನ ಮೇಲೆ ಕಿರೀಟ, ‘ವಿ.ಆರ್.’ (ಅಂದರೆ ವಿಕ್ಟೋರಿಯಾ ರಾಣಿ), ‘1857’, ‘ಟವರ್’. ‘ಲಂಡನ್ ಟವರ್‌ನಲ್ಲೇ ಮಾಡಿದ್ದು’ ಅಂತ ಜಂಬದಿಂದ ಹೇಳಿಬಿಟ್ಟೆ. ತಪ್ಪು. ಆ ಕಾಲದ ಎನ್‌ಫೀಲ್ಡ್ ಮಾದರಿಯ ಸೇನಾ ಬಂದೂಕನ್ನು ಬರ್ಮಿಂಗ್‌ಹ್ಯಾಂ, ಲಂಡನ್ನಿನ ಖಾಸಗಿ ಕಸುಬುದಾರರೂ ಮಾಡಿಕೊಡುತ್ತಿದ್ದರು. ‘ಟವರ್’ ಅನ್ನುವುದು ಸರ್ಕಾರ ಪರೀಕ್ಷಿಸಿ ಒಪ್ಪಿಕೊಂಡ ಗುರುತು. ಮಾಡಿದವರ ಹೆಸರು ನಳಿಗೆಯ ಅಡಿಯಲ್ಲೋ ತಗಡಿನ ಒಳಮೈಯಲ್ಲೋ ಅಡಗಿರುತ್ತದೆ.

ಮುಟ್ಟುವ ಮೊದಲು ಎರಡು ಮಾತು. ಹಳೆಯದು ಅಂದ ಮಾತ್ರಕ್ಕೆ ಲೈಸೆನ್ಸ್ ಬೇಡ ಅಂತಲ್ಲ. ರಿಪೇರಿ ಮಾಡಿದರೂ ಗುಂಡು ಹಾರದಂಥ ಹಳೇ ಬಂದೂಕಿಗಷ್ಟೇ 1959ರ ಆಯುಧ ಕಾಯ್ದೆಯಲ್ಲಿ ವಿನಾಯಿತಿ. ಜೊತೆಗೆ, ಬಾಯಿಂದ ಮದ್ದು ತುಂಬುವ ತುಪಾಕಿಯಲ್ಲಿ ಹಳೆ ಮದ್ದು ಹಾಗೇ ಉಳಿದಿರಬಹುದು. ತಿಳಿದವರಿಂದ ಖಾಲಿ ಅಂತ ಖಾತ್ರಿ ಮಾಡಿಸಿ.

ಆಮೇಲೆ ಒರೆಸುವ ಕೆಲಸ. ಹಿತ್ತಾಳೆ ಕಂಡ ತಕ್ಷಣ ಹುಣಸೆಹಣ್ಣು ಹಿಡಿದು ಬರುವವರನ್ನು ದೂರ ಇಡಿ! ಎಮರಿ ಪೇಪರ್ ಅಂತೂ ಬೇಡವೇ ಬೇಡ, ಮುದ್ರೆಯೇ ಅಳಿಸಿಹೋಗುತ್ತದೆ. ಹತ್ತಿ ಬಟ್ಟೆ, ಎರಡು ಹನಿ ಹೊಲಿಗೆ ಮಷೀನ್ ಎಣ್ಣೆ ಸಾಕು. ಕೋಣೆ ಕತ್ತಲು ಮಾಡಿ, ಮೊಬೈಲ್ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಮೇಲಿಂದ ಬೆಳಕು ಬಿದ್ದಾಗ ಬರೀ ತುಕ್ಕು ಅನ್ನಿಸಿದ ಜಾಗದಲ್ಲಿ ಅಕ್ಷರದ ಅಂಚು ನೆರಳಾಗಿ ಎದ್ದು ಬರುತ್ತದೆ. ಆಗಲೇ ಫೋಟೊ ತೆಗೆದುಕೊಳ್ಳಿ.

ಈಗ ಓದೋಣ. ‘ತ್ರೀ ನಾಟ್ ತ್ರೀ’ (.303) ರೈಫಲ್ ಆದರೆ ಕೆಲಸ ಸುಲಭ. ಮರದ ಹಿಡಿ ಬಂದು ಕೂರುವ ಉಕ್ಕಿನ ಬಳೆಯ ಬಲಮಗ್ಗುಲು ನೋಡಿ. ಕಿರೀಟ, ಊರು ಅಥವಾ ಕಂಪನಿ, ವರ್ಷ, ಮಾದರಿ ಒಂದರ ಕೆಳಗೊಂದು ಇರುತ್ತವೆ. ‘ಬಿ.ಎಸ್.ಎ.’ ಅಂದರೆ ಬರ್ಮಿಂಗ್‌ಹ್ಯಾಂ, ‘ಲಿತ್‌ಗೋ’ ಅಂದರೆ ಆಸ್ಟ್ರೇಲಿಯಾ. ‘ಇಷಾಪುರ’ ಅಥವಾ ‘ಆರ್.ಎಫ್.ಐ.’ ಇದ್ದರೆ ನಮ್ಮ ಬಂಗಾಳದ್ದು. ಅಲ್ಲಿ ‘ಜಿ.ಆರ್.’ (ಜಾರ್ಜ್ ದೊರೆ) ಪಕ್ಕ ಇನ್ನೊಂದು ‘ಐ’ ಇರುತ್ತದೆ, ಚಕ್ರವರ್ತಿ ಅಂತ ಅರ್ಥ. ಸ್ವಾತಂತ್ರ್ಯದ ನಂತರ ಕಿರೀಟದ ಜಾಗಕ್ಕೆ ಅಶೋಕನ ಸಿಂಹ ಬಂತು.

ಕೋಳಿ ಹೆಜ್ಜೆಯಂಥ ಮೂರು ಗೆರೆ ಕಂಡರೆ ಅದು ಬ್ರಿಟಿಷ್ ಸರ್ಕಾರದ ಸ್ವತ್ತು. ಕೆಳಗೆ ‘ಐ’ ಇದ್ದರೆ ಭಾರತದ ಸೇವೆಯದು. ಎರಡು ಹೆಜ್ಜೆ ಮೊನೆಗೆ ಮೊನೆ ತಾಗಿಸಿ ನಿಂತಿದ್ದರೆ ಸರ್ಕಾರ ಅದನ್ನು ಮಾರಿಬಿಟ್ಟಿದೆ.

ಬಳ್ಳಾರಿ ಸೀಮೆಯನ್ನು ನಿಜಾಮರು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟದ್ದು 1800ರಲ್ಲಿ. ಹಾಗಾಗಿ ಇಲ್ಲಿ ಕಂಪನಿಯ ಮುದ್ರೆ ಸಿಕ್ಕರೆ ಆಶ್ಚರ್ಯವಿಲ್ಲ. ಮೊದಲು ಹೃದಯದ ಆಕಾರದೊಳಗೆ ಅಕ್ಷರ, ಆಮೇಲೆ ಹಿಂಗಾಲ ಮೇಲೆ ನಿಂತ ಸಿಂಹ.

ರಾಯಚೂರು, ಕೊಪ್ಪಳದ ಕಥೆ ಬೇರೆ. 1948ರವರೆಗೆ ನಿಜಾಮರ ಆಳ್ವಿಕೆ. ಉರ್ದು ಅಂಕಿಯ ವರ್ಷ ಸಿಕ್ಕರೆ ಅವಸರ ಬೇಡ. 1300 ಅಂತ ಇದೆ ಅನ್ನಿ. ಹಿಜರಿ ಆದರೆ ಅದು 1882–83. ಚಾಂದ್ರಮಾನದ ವರ್ಷ ಚಿಕ್ಕದಾದ್ದರಿಂದ ಸುಮ್ನೆ 622 ಕೂಡಿಸಿದರೆ ನಲವತ್ತು ವರ್ಷ ಜಾಸ್ತಿ ಆಗುತ್ತದೆ. ಹಳೆ ಪಹಣಿಯಲ್ಲಿರುವ ಫಸಲಿ ಆದರೆ 590 ಕೂಡಿಸಿ, 1890 ಬರುತ್ತದೆ.

ನಕಲಿಯೂ ಉಂಟು. ಖೈಬರ್ ಕಣಿವೆಯ ಕಮ್ಮಾರರು ಇಂಗ್ಲಿಷ್ ಓದಲು ಬಾರದೆಯೇ ಮುದ್ರೆ ನಕಲು ಮಾಡುತ್ತಿದ್ದರು. ‘ಎನ್’ ಅಕ್ಷರ ತಿರುಗುಮುರುಗಾಗಿದ್ದರೆ ಅನುಮಾನಪಡಿ. ‘ವಿ.ಆರ್.’ ಜೊತೆ 1905 ಇದ್ದರೂ ಅಷ್ಟೇ. ವಿಕ್ಟೋರಿಯಾ ರಾಣಿ 1901ರ ಜನವರಿಯಲ್ಲೇ ತೀರಿಕೊಂಡಿದ್ದರು.

ಗೆಳೆಯರ ತುಪಾಕಿಯ ನಳಿಗೆ ಬಿಚ್ಚಿಸಿದಾಗ ಅಡಿಯಲ್ಲಿ ಸಿಕ್ಕಿದ್ದು ಬರ್ಮಿಂಗ್‌ಹ್ಯಾಂನ ಹೆಸರು. ಅವರ ಅಜ್ಜಿಗೆ ಮಾತ್ರ ಬೇಜಾರು: ‘ಅಯ್ಯ, ಟಿಪ್ಪು ದಂಡಿಂದ ನಿಮ್ಮ ಮುತ್ತಜ್ಜ ತಂದದ್ದು ಅಂತ ಊರಿಗೆಲ್ಲ ಹೇಳೀನಲ್ಲಪ್ಪಾ!’