ಸಾರಿನ ಪಕ್ಕಕ್ಕೆ ಏನು ಬಡಿಸಬೇಕು

ರಸಂ ಅನ್ನುವುದು ಹೋಟೆಲಿನ ಮಾತಾಯಿತು, ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ಮನೆಗಳಲ್ಲಿ ಅದು ತಿಳಿಸಾರು. ತೆಳ್ಳಗೆ, ಹುಳಿಯಾಗಿ, ಖಾರವಾಗಿ ಇರುತ್ತದೆ. ಹಾಗಾಗಿ ಪಕ್ಕಕ್ಕೆ ಬರುವುದು ಒಣಗಿರಬೇಕು, ಇಲ್ಲವೇ ಕರುಂ ಅನ್ನಬೇಕು. ಹುಳಿಯಂತೂ ಬೇಡವೇ ಬೇಡ. ಪುಂಡಿಪಲ್ಯ, ಅಂದರೆ ಗೋಂಗೂರ ಸೊಪ್ಪಿನ ಪಲ್ಯ, ಎಷ್ಟೇ ರುಚಿಯಾದರೂ ಸಾರು ಮಾಡಿದ ದಿನ ಬೇಡ. ಹುಣಸೆಹಣ್ಣು ಬಿದ್ದ ಬದನೆಕಾಯಿ ಎಣ್ಣೆಗಾಯಿಯನ್ನು ರೊಟ್ಟಿಯ ಜೊತೆಗೇ ಮುಗಿಸಿಬಿಡಿ, ಅನ್ನಕ್ಕೆ ಬೇರೆ ಪಲ್ಯ ಇರಲಿ.

ಆ ಪಲ್ಯಕ್ಕೆ ಚವಳಿಕಾಯಿಯಷ್ಟು (ಗೋರಿಕಾಯಿ) ಹೊಂದುವ ತರಕಾರಿ ಇಲ್ಲ. ನಾಲ್ಕು ಮಂದಿಗೆ ಕಾಲು ಕೆಜಿ ಎಳೆಯ ಕಾಯಿ ಸಾಕು. ಎರಡೂ ತುದಿ ಮುರಿದು, ನಾರು ಎಳೆದು, ಅರ್ಧ ಇಂಚಿನ ತುಂಡು ಮಾಡಿ ಉಪ್ಪುನೀರಿನಲ್ಲಿ ಹತ್ತು ನಿಮಿಷ ಕುದಿಸಿ ನೀರು ಬಸಿಯಿರಿ. ಬಸಿಯದಿದ್ದರೆ ಕಹಿ ಉಳಿಯುತ್ತದೆ. ಎರಡು ಚಮಚ ಎಣ್ಣೆಗೆ ಸಾಸಿವೆ, ಜೀರಿಗೆ, ಕರಿಬೇವು, ಜಜ್ಜಿದ ಐದಾರು ಎಸಳು ಬೆಳ್ಳುಳ್ಳಿ. ಬೆಳ್ಳುಳ್ಳಿ ಕೆಂಪಾದ ಮೇಲೆ ಚಿಟಿಕೆ ಅರಿಸಿನ, ಅರ್ಧ ಚಮಚ ಖಾರದ ಪುಡಿ, ಬಸಿದ ಚವಳಿಕಾಯಿ. ನೀರಿನ ಪಸೆ ಪೂರ್ತಿ ಆರುವವರೆಗೂ ಹುರಿದು, ಒಲೆ ಆರಿಸಿದ ಮೇಲೆ ಎರಡು ದೊಡ್ಡ ಚಮಚ ಶೇಂಗಾ ಪುಡಿ ಉದುರಿಸಿ. ಹಸಿ ಇರುವಾಗಲೇ ಪುಡಿ ಹಾಕಿದರೆ ಅದು ನೀರು ಹೀರಿ ಮುದ್ದೆ ಕಟ್ಟುತ್ತದೆ, ಉರಿಯ ಮೇಲೆ ಬಿಟ್ಟರೆ ತಳ ಹಿಡಿಯುತ್ತದೆ.

ಇನ್ನು ಮಜ್ಜಿಗೆ ಮೆಣಸಿನಕಾಯಿ. ನಮ್ಮ ಬಿಸಿಲಿಗೆ ಇದನ್ನು ಅಂಗಡಿಯಿಂದ ತರುವುದು ಅನ್ಯಾಯ. ಒಂದು ಕೆಜಿ ದಪ್ಪ ಹಸಿಮೆಣಸಿನಕಾಯಿಯನ್ನು ತೊಟ್ಟು ಉಳಿಸಿಕೊಂಡು ಉದ್ದಕ್ಕೆ ಸೀಳಿ, ಒಂದು ಲೀಟರ್ ಹುಳಿಮೊಸರಿಗೆ ನೂರು ಗ್ರಾಂ ಉಪ್ಪು ಕದಡಿ ಅದರಲ್ಲಿ ಮುಳುಗಿಸಿ. ಹಗಲು ಕಾಯಿ ತೆಗೆದು ಬಿಸಿಲಿಗೆ, ರಾತ್ರಿ ಮತ್ತೆ ಅದೇ ಮೊಸರಿಗೆ. ಮೊಸರೆಲ್ಲ ಹೀರಿಕೊಂಡ ಮೇಲೆ, ಮುರಿದರೆ ಚಟಕ್ ಅನ್ನುವವರೆಗೂ ಒಣಗಿಸಿ. ಒಳಗೆ ಮೆತ್ತಗೆ ಉಳಿದರೆ ಡಬ್ಬಿಯಲ್ಲಿ ಬೂಷ್ಟು ಹಿಡಿಯುತ್ತದೆ. ಕರಿಯುವಾಗ ಉರಿ ಸಣ್ಣದಿರಲಿ. ಕಾಯಿ ಉಬ್ಬಿ ಕಂದು ಬಣ್ಣಕ್ಕೆ ತಿರುಗಿದ ಕೂಡಲೇ ತೆಗೆಯಿರಿ, ತೆಗೆದ ಮೇಲೂ ಬಣ್ಣ ಇನ್ನಷ್ಟು ಏರುತ್ತದೆ. ಎಣ್ಣೆ ತುಂಬ ಕಾದಿದ್ದರೆ ಹೊರಗೆ ಕರಿಯಾಗಿ ಬೀಜ ಕಹಿಯಾಗುತ್ತದೆ.

ಹಪ್ಪಳ, ಸಂಡಿಗೆಗೆ ಮಾತ್ರ ಎಣ್ಣೆ ಚೆನ್ನಾಗಿ ಕಾಯಬೇಕು. ಚೂರು ಹಾಕಿದರೆ ತಟ್ಟನೆ ಮೇಲೇಳಬೇಕು, ಇಲ್ಲದಿದ್ದರೆ ಎಣ್ಣೆ ಕುಡಿಯುತ್ತವೆ. ಇವೆಲ್ಲ ಉಪ್ಪಿನವು, ಆದ್ದರಿಂದ ಇವು ಇರುವ ದಿನ ಸಾರಿಗೆ ಉಪ್ಪು ಒಂದು ಚಿಟಿಕೆ ಕಡಿಮೆ ಹಾಕಿ.

ಕೋಸಂಬರಿ ಮಾಡುವುದಾದರೆ ಅರ್ಧ ಬಟ್ಟಲು ಹೆಸರುಬೇಳೆ ಒಂದು ತಾಸು ನೆನೆದರೆ ಸಾಕು. ನಿಂಬೆ ಹಿಂಡಬೇಡಿ, ಸಾರಿನಲ್ಲೇ ಹುಳಿ ಇದೆ. ಉಪ್ಪು ಎಲೆಗೆ ಬಡಿಸುವಾಗ ಬೆರೆಸಿ, ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಡುತ್ತದೆ.

ಅನ್ನಕ್ಕೆ ಗಂಗಾವತಿ, ಸಿಂಧನೂರು, ಸಿರುಗುಪ್ಪದ ಸೋನಾ ಮಸೂರಿ ಇರುವಾಗ ಬೇರೆ ಅಕ್ಕಿ ಹುಡುಕಬೇಕಾಗಿಲ್ಲ. ಆದರೆ ವರ್ಷ ಹಳೆಯದಾಗಿರಲಿ. ಹಳೆ ಅಕ್ಕಿ ಒಂದು ಲೋಟಕ್ಕೆ ಎರಡೂವರೆ ಲೋಟ ನೀರು ಹಿಡಿಯುತ್ತದೆ, ಹೊಸದಕ್ಕೆ ಎರಡು. ಅಳತೆ ಮರೆತು ಹೊಸ ಅಕ್ಕಿಗೂ ಎರಡೂವರೆ ಸುರಿದರೆ ಅನ್ನ ಅಂಟಾಗಿ, ಸಾರು ಒಳಗಿಳಿಯದೆ ಬದಿಗೆ ಹರಿದುಹೋಗುತ್ತದೆ. ಬಿಸಿ ಅನ್ನದ ನಡುವೆ ಗುಳಿ ಮಾಡಿ, ಮೊದಲು ಒಂದು ಚಮಚ ತುಪ್ಪ, ಆಮೇಲೆ ಸಾರು.

ಕೊನೆಯ ಅನ್ನಕ್ಕೂ ಕುಡಿಯಲಿಕ್ಕೂ ಮಜ್ಜಿಗೆಯೇ ಸರಿ, ಆದರೆ ಸಿಹಿಮೊಸರಿನದು. ಬೇಸಿಗೆಯಲ್ಲಿ ರಾತ್ರಿ ಹೆಪ್ಪು ಹಾಕಿದ ಮೊಸರು ಮಧ್ಯಾಹ್ನಕ್ಕೆ ಹುಳಿಯಾಗಿರುತ್ತದೆ. ಬೆಳಿಗ್ಗೆ 8ಕ್ಕೆ ಉಗುರುಬೆಚ್ಚಗಿನ ಅರ್ಧ ಲೀಟರ್ ಹಾಲಿಗೆ ಒಂದು ಚಮಚ ಹೆಪ್ಪು ಹಾಕಿದರೆ ಊಟದ ಹೊತ್ತಿಗೆ ಹದವಾಗಿ ಗಟ್ಟಿಯಾಗುತ್ತದೆ. ಒಂದು ಪಾಲು ಮೊಸರಿಗೆ ಮೂರು ಪಾಲು ತಣ್ಣನೆ ಮಡಕೆ ನೀರು, ಜಜ್ಜಿದ ಶುಂಠಿ, ಕರಿಬೇವು, ಉಪ್ಪು ಹಾಕಿ ಕಡೆಯಿರಿ.

ಅಡುಗೆಯ ಸರದಿಯಲ್ಲಿ ಪಲ್ಯ ಮೊದಲು, ಕರಿಯುವುದು ಆಮೇಲೆ, ಸಾರಿನ ಒಗ್ಗರಣೆ ಎಲ್ಲಕ್ಕೂ ಕೊನೆಗೆ. ನೊರೆ ಉಕ್ಕಿ ಬಂದ ಕೂಡಲೇ ಇಳಿಸಿ ಮುಚ್ಚಿಡಿ. ಹಪ್ಪಳ ಕರಿಯುವಷ್ಟು ಹೊತ್ತು ಕುದಿಯುತ್ತಾ ಬಿದ್ದ ಸಾರಿನಲ್ಲಿ ಕೊತ್ತಂಬರಿ, ಇಂಗಿನ ಘಮ ಉಳಿಯುವುದಿಲ್ಲ.